ಶಿವನಸಮುದ್ರ ವಿದ್ಯುತ್ ಕೇಂದ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಗಗನಚುಕ್ಕಿ ನೋಡಲು ಹೋದವರಲ್ಲಿ ಹೆಚ್ಚಿನವರು ನೀರು ನೋಡಿ, ಫೋಟೊ ತೆಗೆದುಕೊಂಡು, ಜೋಳ ತಿಂದು ವಾಪಸಾಗುತ್ತಾರೆ. ಹತ್ತಿರದ ಕಮರಿಯ ತಳದಲ್ಲಿ 1902ರಿಂದ ಕರೆಂಟು ಹುಟ್ಟುತ್ತಿರುವ ಪವರ್ ಹೌಸ್ ಇದೆ ಎನ್ನುವುದು ಕೆಲವರಿಗಷ್ಟೇ ಗೊತ್ತು. ಗೊತ್ತಿದ್ದವರಲ್ಲೂ ಅನೇಕರಿಗೆ ಗೊತ್ತಿರುವುದು ತಪ್ಪು ಮಾಹಿತಿ. ಈ ಕೇಂದ್ರದ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರಗಳು ಇಲ್ಲಿವೆ.

ಈ ಕೇಂದ್ರ ಎಲ್ಲಿದೆ? ಯಾವಾಗ ಶುರುವಾಯಿತು?

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿಯ ಎಡದಂಡೆಯಲ್ಲಿ. ಸುತ್ತಲಿನವರು ಈ ಜಾಗವನ್ನು ‘ಬ್ಲಫ್’ ಎಂದೇ ಕರೆಯುತ್ತಾರೆ. 1902ರ ಜೂನ್ 30ರಂದು ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಆಗ ಇದ್ದದ್ದು ತಲಾ 720 ಕಿಲೋವಾಟ್‌ನ ಆರು ಜನರೇಟರ್‌ಗಳು. ಒಟ್ಟು ಲೆಕ್ಕ ಹಾಕಿದರೆ 4.3 ಮೆಗಾವಾಟ್. ಇವತ್ತು ಚಿತ್ರದುರ್ಗದ ಗುಡ್ಡದ ಮೇಲೆ ತಿರುಗುವ ಒಂದೆರಡು ದೊಡ್ಡ ಗಾಳಿಯಂತ್ರಗಳು ಅಷ್ಟನ್ನು ಕೊಡುತ್ತವೆ. ಅಂದಿನ ಮೈಸೂರು ಸಂಸ್ಥಾನಕ್ಕೆ ಅದು ಭಾರೀ ಮೊತ್ತ.

ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಇದೇ ಅಲ್ಲವೇ?

ಅಲ್ಲ. ಭಾರತದ ಮೊದಲನೆಯದೂ ಅಲ್ಲ. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರ ನವೆಂಬರ್ 10ರಂದೇ 130 ಕಿಲೋವಾಟ್‌ನ ಪುಟ್ಟ ಕೇಂದ್ರ ಶುರುವಾಗಿತ್ತು. ಆ ಪಟ್ಟಣದ ದೀಪಗಳಿಗೆ ಅದೇ ಆಧಾರ. ಅದಕ್ಕೂ ಮೊದಲು, 1891ರಲ್ಲಿ, ಜಪಾನಿನ ಕ್ಯೋಟೊದಲ್ಲಿ ಬಿವಾ ಸರೋವರದಿಂದ ಕಾಲುವೆ ತಂದು ಕೆಯಾಗೆ ಎಂಬಲ್ಲಿ ವಿದ್ಯುತ್ ಉತ್ಪಾದಿಸುತ್ತಿದ್ದರು. ‘ಏಷ್ಯಾದಲ್ಲೇ ಮೊದಲು’ ಎಂಬ ಫಲಕ, ಭಾಷಣ, ಫಾರ್ವರ್ಡ್ ಸಂದೇಶಗಳನ್ನೆಲ್ಲ ಇನ್ನು ಮುಂದೆ ಪಕ್ಕಕ್ಕಿಡಬಹುದು. ನಿಜವಾದ ಸಾಧನೆಗೆ ಆ ಸುಳ್ಳು ಅಡ್ಡ ನಿಂತಿದೆ ಎನ್ನುವುದು ನನ್ನ ಅಸಮಾಧಾನ.

ಹಾಗಾದರೆ ಇದರ ಹೆಚ್ಚುಗಾರಿಕೆ ಏನು?

ಎರಡು ಸಂಗತಿ.

ಒಂದು, ದೂರ. ಬ್ಲಫ್‌ನಿಂದ ಕೋಲಾರದ ಗಣಿಗಳಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಸಿದ್ರಾಪೊಂಗ್ ತನ್ನ ಊರಿಗೆ ಮಾತ್ರ ಬೆಳಕು ಕೊಟ್ಟಿತು. ಶಿವನಸಮುದ್ರ ಒಂದು ನದಿಯ ಬಲವನ್ನು ಅರ್ಧ ಸಂಸ್ಥಾನ ದಾಟಿಸಿ ಇನ್ನೊಂದು ಮೂಲೆಯ ಕೈಗಾರಿಕೆಗೆ ತಲುಪಿಸಿತು. ಇಲ್ಲೂ ಒಂದು ಎಚ್ಚರಿಕೆ: ‘ಜಗತ್ತಿನ ಅತಿ ಉದ್ದದ ತಂತಿ’ ಎಂಬ ಮಾತೂ ಚಾಲ್ತಿಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಕೋಲ್ಗೇಟ್ ಕೇಂದ್ರದಿಂದ ಓಕ್ಲೆಂಡ್‌ಗೆ 1901ರಲ್ಲೇ ಸುಮಾರು 140 ಮೈಲಿಯ ಮಾರ್ಗ ಎಳೆದಿದ್ದರು. ಜಗತ್ತಿನ ಅತಿ ಉದ್ದದ ಮಾರ್ಗಗಳ ಸಾಲಿನಲ್ಲಿ ಮೈಸೂರಿನದೂ ಒಂದು ಎನ್ನುವುದು ಸರಿಯಾದ ಮಾತು.

ಇನ್ನೊಂದು, ಮಾಲೀಕತ್ವ. ಇದನ್ನು ಕಟ್ಟಿಸಿದ್ದು ಕಂಪನಿಯಲ್ಲ, ಮೈಸೂರು ಸರ್ಕಾರ. ಜಲಪಾತವನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟು ಬಾಡಿಗೆ ಎಣಿಸುತ್ತ ಕೂರುವ ದಾರಿಯೂ ಇತ್ತು. ಅದನ್ನು ಬಿಟ್ಟು, ಯಾರೂ ಈ ಭಾಗದಲ್ಲಿ ಮಾಡಿ ನೋಡಿರದ ವ್ಯಾಪಾರಕ್ಕೆ ಸರ್ಕಾರ ಬೊಕ್ಕಸದ ಹಣ ಹಾಕಿತು. ಮುಂದೆ ಮೈಸೂರು ಸಂಸ್ಥಾನ ಸಾಲು ಸಾಲಾಗಿ ಸರ್ಕಾರಿ ಉದ್ದಿಮೆಗಳನ್ನು ತೆರೆಯಿತಲ್ಲ, ಅದಕ್ಕೆ ಧೈರ್ಯ ಬಂದದ್ದು ಇಲ್ಲಿಂದ.

ಕರೆಂಟನ್ನು ಬೆಂಗಳೂರಿಗೋ ಮೈಸೂರಿಗೋ ಕೊಡದೆ ಮೊದಲು ಕೋಲಾರಕ್ಕೆ ಕೊಟ್ಟಿದ್ದೇಕೆ?

ಕೊಳ್ಳುವವರು ಇದ್ದದ್ದು ಅಲ್ಲಿ. ಊರಿನ ಮನೆಗಳಿಗೆ ದೀಪ ಕೊಡುತ್ತೇವೆಂದು ಹೊರಟಿದ್ದರೆ, ಸಂಜೆ ಆರರಿಂದ ಹತ್ತರವರೆಗೆ ಉರಿಯುವ ನಾಲ್ಕು ದೀಪಗಳ ದುಡ್ಡಿನಲ್ಲಿ ಇಷ್ಟು ದೊಡ್ಡ ಖರ್ಚು ಹುಟ್ಟುತ್ತಿರಲಿಲ್ಲ. ಗಣಿಗೆ ಹಗಲು ರಾತ್ರಿ ಎಂಬುದಿಲ್ಲ. ಅದಿರು ಕುಟ್ಟುವ ಯಂತ್ರ, ಸುರಂಗಕ್ಕೆ ಗಾಳಿ ಒತ್ತುವ ಕಂಪ್ರೆಸರ್, ನೀರೆತ್ತುವ ಪಂಪು ಇಪ್ಪತ್ನಾಲ್ಕು ಗಂಟೆಯೂ ಓಡಬೇಕು.

ಅಲ್ಲಿಯವರೆಗೆ ಅವೆಲ್ಲ ಉಗಿಯಿಂದ ನಡೆಯುತ್ತಿದ್ದವು. ಸುತ್ತಲಿನ ಕಾಡಿನ ಸೌದೆ, ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು. ಎರಡೂ ದುಬಾರಿ, ಮೊದಲನೆಯದು ದಿನೇ ದಿನೇ ಕರಗುತ್ತಿತ್ತು. ಗಣಿ ಆಳವಾದಷ್ಟೂ ಬೇಕಾದ ಬಲ ಹೆಚ್ಚುತ್ತಿತ್ತು. ಹಾಗಾಗಿ ಗಣಿಗಳ ಆಡಳಿತ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಆ್ಯಂಡ್ ಸನ್ಸ್ ಮಾತುಕತೆಗೆ ಒಪ್ಪಿತು. 4,000 ಅಶ್ವಶಕ್ತಿಯ ಪೂರೈಕೆಗೆ ಕರಾರಾಯಿತು. ದರ ಮೊದಲು ಜಾಸ್ತಿ, ವರ್ಷ ಕಳೆದಂತೆ ಕಡಿಮೆ: ಹಾಕಿದ ಬಂಡವಾಳವನ್ನು ಬೇಗ ಹಿಂದಕ್ಕೆ ಪಡೆಯುವ ಜಾಣ ಲೆಕ್ಕ.

ಸರ್ಕಾರಕ್ಕೆ ಇದರಲ್ಲಿ ಎರಡು ಕಡೆಯ ಲಾಭವಿತ್ತು. ಕರೆಂಟಿನ ಹಣ ಒಂದು. ತೆಗೆದ ಚಿನ್ನದ ಮೇಲೆ ಸಂಸ್ಥಾನಕ್ಕೆ ರಾಯಲ್ಟಿ ಬರುತ್ತಿದ್ದುದರಿಂದ, ಗಣಿಯ ಖರ್ಚು ಇಳಿದು ಉತ್ಪಾದನೆ ಏರಿದರೆ ಅದರ ಪಾಲೂ ಬೊಕ್ಕಸಕ್ಕೇ. ಜನಕ್ಕೆ ಬೆಳಕು ಕೊಡುವ ಕನಸಿನಿಂದ ಹುಟ್ಟಿದ ಯೋಜನೆ ಇದು ಎಂದು ಬರೆಯುವವರಿದ್ದಾರೆ. ಕಾಗದಪತ್ರ ಹೇಳುವುದು ಚೊಕ್ಕ ವ್ಯಾಪಾರದ ಕಥೆ. ಅದರಿಂದ ಯೋಜನೆಯ ಮರ್ಯಾದೆ ಕಡಿಮೆಯೇನೂ ಆಗುವುದಿಲ್ಲ.

ಇದನ್ನು ಕಟ್ಟಿಸಿದ್ದು ಸರ್ ಎಂ. ವಿಶ್ವೇಶ್ವರಯ್ಯನವರೇ?

ಅಲ್ಲ. ಮೈಸೂರಿನಲ್ಲಿ ಏನೇ ಒಳ್ಳೆಯದಾಗಿದ್ದರೂ ಅದನ್ನು ವಿಶ್ವೇಶ್ವರಯ್ಯನವರ ಖಾತೆಗೆ ಹಾಕುವುದು ನಮ್ಮ ಅಭ್ಯಾಸ. ಅವರು ಮುಖ್ಯ ಎಂಜಿನಿಯರಾಗಿ ಮೈಸೂರು ಸೇವೆಗೆ ಬಂದದ್ದು 1909ರಲ್ಲಿ, ಕೇಂದ್ರ ಶುರುವಾಗಿ ಏಳು ವರ್ಷಗಳ ಮೇಲೆ. 1902ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಕೆಲಸದಲ್ಲಿದ್ದರು.

ಇದರ ಹಿಂದಿದ್ದ ದಿವಾನರು ಕೆ. ಶೇಷಾದ್ರಿ ಅಯ್ಯರ್. 1883ರಿಂದ 1901ರವರೆಗೆ ದಿವಾನಗಿರಿ ಮಾಡಿದವರು. ಬೆಂಗಳೂರಿನ ಶೇಷಾದ್ರಿಪುರಂ ಅವರ ಹೆಸರಿನದೇ. ಕಬ್ಬನ್ ಪಾರ್ಕಿನಲ್ಲಿ ನಿಂತಿರುವ ಪ್ರತಿಮೆಯೂ ಅವರದೇ. ಆರೋಗ್ಯ ಕೆಟ್ಟು 1901ರ ಮಾರ್ಚ್‌ನಲ್ಲಿ ಅಧಿಕಾರ ಬಿಟ್ಟರು, ಸೆಪ್ಟೆಂಬರ್ 13ರಂದು ತೀರಿಕೊಂಡರು. ಯಂತ್ರ ತಿರುಗುವುದಕ್ಕೆ ಇನ್ನು ಒಂಬತ್ತೂವರೆ ತಿಂಗಳು ಬಾಕಿಯಿತ್ತು. ಉದ್ಘಾಟನೆಯ ಕಾಲಕ್ಕೆ ದಿವಾನರಾಗಿದ್ದವರು ಪಿ. ಎನ್. ಕೃಷ್ಣಮೂರ್ತಿ.

ಇನ್ನೊಬ್ಬರ ಹೆಸರು ಹೇಳಲೇಬೇಕು, ಏಕೆಂದರೆ ಬಹುತೇಕ ಯಾರೂ ಹೇಳುವುದಿಲ್ಲ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಯುವರಾಜರಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ರೀಜೆಂಟರಾಗಿ ಆಳಿದರು. ಯೋಜನೆ ಮಂಜೂರಾದದ್ದು, ಕಟ್ಟಿದ್ದು, ಮುಗಿದದ್ದು ಎಲ್ಲವೂ ಅವರ ಆಳ್ವಿಕೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದು 1902ರ ಆಗಸ್ಟ್ 8ರಂದು, ಅಂದರೆ ಕರೆಂಟು ಹರಿದ ಐದು ವಾರಗಳ ನಂತರ. ಶ್ರೇಯಸ್ಸಿನ ಪಟ್ಟಿಯಲ್ಲಿ ನಾಲ್ವಡಿಯವರ ಹೆಸರು ಮೊದಲು ಕಾಣುವುದು, ತಾಯಿಯ ಹೆಸರು ಕಾಣದಿರುವುದು ನ್ಯಾಯವಲ್ಲ.

ಲೋಟ್‌ಬಿನಿಯೆರ್ ಎಂಬ ಹೆಸರು ಅಲ್ಲಲ್ಲಿ ಬರುತ್ತದೆ. ಯಾರವರು?

ಅಲೆನ್ ಜೋಲಿ ದ ಲೋಟ್‌ಬಿನಿಯೆರ್. ಕೆನಡಾದ ಕ್ವಿಬೆಕ್‌ನ ಫ್ರೆಂಚ್ ಮನೆತನದವರು, ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್‌ನಲ್ಲಿ ಅಧಿಕಾರಿ, ಮೈಸೂರಿನಲ್ಲಿ ಉಪ ಮುಖ್ಯ ಎಂಜಿನಿಯರ್. ಕಾಗದದ ಮೇಲಿದ್ದ ಆಲೋಚನೆಯನ್ನು ನೆಲಕ್ಕಿಳಿಸಿದವರು ಇವರು. 1899ರಲ್ಲಿ ಯೂರೋಪ್ ಮತ್ತು ಅಮೆರಿಕಕ್ಕೆ ಹೋಗಿ ಅಲ್ಲಿನ ಕೇಂದ್ರಗಳನ್ನು ನೋಡಿ, ತಯಾರಕರೊಡನೆ ಚರ್ಚಿಸಿ ಬಂದರು. ವಿದ್ಯುತ್ ಯಂತ್ರಗಳ ಗುತ್ತಿಗೆ ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿಗೆ, ಟರ್ಬೈನ್‌ಗಳದ್ದು ಸ್ವಿಟ್ಜರ್ಲೆಂಡಿನ ಜೂರಿಕ್‌ನ ಎಶರ್ ವಿಸ್ ಕಂಪನಿಗೆ. ಬ್ರಿಟಿಷ್ ಭಾರತದ ನೆರಳಿನಲ್ಲಿದ್ದ ಸಂಸ್ಥಾನವೊಂದು ಬ್ರಿಟನ್ನಿನ ಕಂಪನಿಗಳನ್ನು ಬಿಟ್ಟು ಬೇರೆಡೆಗೆ ಹೋದದ್ದು ಸಣ್ಣ ಮಾತಲ್ಲ. ದೂರಕ್ಕೆ ಹೆಚ್ಚು ಒತ್ತಡದ ವಿದ್ಯುತ್ ಸಾಗಿಸುವ ಅನುಭವ ಆಗ ಅಮೆರಿಕದವರಿಗೆ ಹೆಚ್ಚಿತ್ತು.

ಅಷ್ಟು ಭಾರದ ಯಂತ್ರಗಳನ್ನು ಕಮರಿಯ ತಳಕ್ಕೆ ಹೇಗೆ ಸಾಗಿಸಿದರು?

ಹಡಗಿನಿಂದ ಇಳಿದ ಸಾಮಾನು ರೈಲಿನಲ್ಲಿ ಮದ್ದೂರಿನವರೆಗೆ ಬಂತು. ಅಲ್ಲಿಂದ ಮುಂದೆ ರೈಲಿಲ್ಲ, ಲಾರಿ ಎಂಬುದು ಈ ಕಡೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಮದ್ದೂರಿನಿಂದ ಮಳವಳ್ಳಿಯ ಮೇಲೆ ಬ್ಲಫ್‌ವರೆಗಿನ ದಾರಿಯನ್ನು ಎತ್ತಿನ ಗಾಡಿಗಳು ಮತ್ತು ಆನೆಗಳು ಸವೆಸಿದವು. ಕಬ್ಬು, ಭತ್ತ ಹೇರಿ ಅಭ್ಯಾಸವಿದ್ದ ಗಾಡಿಗಳ ಮೇಲೆ ಟ್ರಾನ್ಸ್‌ಫಾರ್ಮರ್, ಟರ್ಬೈನ್, ಉಕ್ಕಿನ ಕೊಳವೆಗಳು. ಮಳೆ ಬಂದರೆ ಚಕ್ರ ಹೂತು ನಿಲ್ಲುವ ಮಣ್ಣಿನ ರಸ್ತೆ.

ಬ್ಲಫ್ ತಲುಪಿದರೂ ಕೆಲಸ ಮುಗಿಯುವುದಿಲ್ಲ. ಮೇಲಿನ ಬಂಡೆಯಂಚಿನಿಂದ ಪವರ್ ಹೌಸ್ ಇರುವುದು ಸುಮಾರು 400 ಅಡಿ ಕೆಳಗೆ. ಅಲ್ಲಿಗೆ ಎಲ್ಲವನ್ನೂ ಇಳಿಜಾರಿನಲ್ಲಿ ತಡೆಹಿಡಿದು ಇಳಿಸಬೇಕಿತ್ತು. ಜಾಗವೋ, ಮಲೇರಿಯಾಕ್ಕೆ ಹೆಸರಾದ ಕಾಡು. ಅಲ್ಲಿ ದುಡಿದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಕೇಂದ್ರ ಕೆಲಸ ಮಾಡುವುದು ಹೇಗೆ? ಜಲಪಾತದ ಕೆಳಗೆ ಟರ್ಬೈನ್ ಇಟ್ಟಿದ್ದಾರೆಯೇ?

ಇಲ್ಲ. ಬೀಳುವ ನೀರಿನ ಕೆಳಗೆ ಚಕ್ರ ಇಡುವುದಲ್ಲ ಉಪಾಯ. ನೀರು ಬೀಳುವ ಮೊದಲೇ ಅದನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುವುದು. ಜಲಪಾತಕ್ಕೆ ಮೇಲುಗಡೆ ನದಿಗೆ ಅಡ್ಡಗಟ್ಟೆ ಕಟ್ಟಿ ನಾಲೆಗೆ ನೀರು ತಿರುಗಿಸಿದ್ದಾರೆ. ನಾಲೆ ಹೆಚ್ಚು ಇಳಿಜಾರಿಲ್ಲದೆ ಮಟ್ಟಸವಾಗಿ ಸಾಗಿ ಬಂಡೆಯಂಚಿನ ಕೊಳ ಸೇರುತ್ತದೆ. ನದಿ ಅಷ್ಟರಲ್ಲಿ ಜಲಪಾತವಾಗಿ ಕೆಳಗಿಳಿದಿರುತ್ತದೆ, ನಾಲೆಯ ನೀರು ಇನ್ನೂ ಮೇಲೆಯೇ ಇರುತ್ತದೆ. ಈ ಎತ್ತರದ ವ್ಯತ್ಯಾಸವೇ ಬಂಡವಾಳ. ಕೊಳದಿಂದ ಪೆನ್‌ಸ್ಟಾಕ್ ಎಂಬ ಉಕ್ಕಿನ ಕೊಳವೆಗಳು ಕಡಿದಾದ ಇಳಿಜಾರಿನಲ್ಲಿ ಪವರ್ ಹೌಸಿಗೆ ಇಳಿಯುತ್ತವೆ. ಕೊಳವೆಯ ತಳದಲ್ಲಿ ಒತ್ತಡದಿಂದ ನುಗ್ಗುವ ನೀರು ಟರ್ಬೈನ್ ತಿರುಗಿಸಿ ಮತ್ತೆ ಕಾವೇರಿಗೇ ಸೇರುತ್ತದೆ. ಒಂದು ಹನಿಯೂ ಖರ್ಚಾಗುವುದಿಲ್ಲ.

ಕೋಲಾರಕ್ಕೆ ವಿದ್ಯುತ್ ಕಳಿಸಲು 35,000 ವೋಲ್ಟ್ ಯಾಕೆ ಬೇಕಾಯಿತು?

ಜನರೇಟರ್‌ನಿಂದ ಹೊರಡುವ ವಿದ್ಯುತ್ ಸುಮಾರು 2,200 ವೋಲ್ಟ್‌ನದು. ಅದನ್ನು ಹಾಗೆಯೇ 148 ಕಿಲೋಮೀಟರ್ ಕಳಿಸಿದರೆ ಬಹುಪಾಲು ತಂತಿ ಬಿಸಿ ಮಾಡುವುದರಲ್ಲೇ ಮುಗಿದುಹೋಗುತ್ತದೆ. ವೋಲ್ಟೇಜನ್ನು ಹದಿನಾರು ಪಟ್ಟು ಏರಿಸಿದರೆ, ಅಷ್ಟೇ ಬಲ ಸಾಗಿಸಲು ಬೇಕಾದ ಪ್ರವಾಹ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಂತಿಯಲ್ಲಿ ಆಗುವ ನಷ್ಟ ಪ್ರವಾಹದ ವರ್ಗದ ಲೆಕ್ಕದಲ್ಲಿರುವುದರಿಂದ ಅದು ಸುಮಾರು 250 ಪಟ್ಟು ಕಡಿಮೆಯಾಗುತ್ತದೆ. ಶಾಲೆಯಲ್ಲಿ ಭೌತವಿಜ್ಞಾನ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಸ್ಥಳೀಯ ಉದಾಹರಣೆ ಸಿಗಲಿಕ್ಕಿಲ್ಲ. ಆದರೂ ಪುಸ್ತಕದಲ್ಲಿ ಯಾವಾಗಲೂ ನಯಾಗರಾದ ಚಿತ್ರ.

ವೋಲ್ಟೇಜ್ ಏರಿಸಿದ್ದಕ್ಕೆ ತೆರಬೇಕಾದ ಬೆಲೆ ಬೇರೆ. ಪಿಂಗಾಣಿಯ ಇನ್ಸುಲೇಟರ್‌ಗಳು ತಡೆಯಬೇಕು, ಸಿಡಿಲಿಗೆ ರಕ್ಷಣೆ ಬೇಕು, ಕನಕಪುರದ ಕಡೆಯ ಕಾಡು ಗುಡ್ಡ ದಾಟಿ ಹೋಗುವ ತಂತಿಯ ಮೇಲೆ ವರ್ಷವಿಡೀ ಕಣ್ಣಿಡಬೇಕು.

ಆಗ ಫ್ರೀಕ್ವೆನ್ಸಿ 25 ಇತ್ತಂತೆ, ನಿಜವೇ?

ನಿಜ. ಈಗ ನಮ್ಮ ಮನೆಗೆ ಬರುವುದು ಸೆಕೆಂಡಿಗೆ 50 ಆವರ್ತಗಳ ವಿದ್ಯುತ್. ಶಿವನಸಮುದ್ರದಲ್ಲಿ ಮೊದಲಿಗೆ ಇದ್ದದ್ದು 25. ನಯಾಗರಾದಲ್ಲೂ ಅಷ್ಟೇ ಇತ್ತು. ದೊಡ್ಡ ಮೋಟಾರುಗಳಿಗೆ ಅದು ಒಗ್ಗುತ್ತಿತ್ತು, ದೀಪಗಳಿಗೆ ಅಷ್ಟಾಗಿ ಅಲ್ಲ: 25ರಲ್ಲಿ ಬಲ್ಬು ಮಿನುಗುವುದು ಕಣ್ಣಿಗೆ ತಟ್ಟುತ್ತದೆ. ಕೇಂದ್ರ ಹುಟ್ಟಿದ್ದು ಯಾರಿಗಾಗಿ ಎನ್ನುವುದಕ್ಕೆ ಇದೂ ಒಂದು ಸಾಕ್ಷಿ. ಮುಂದೆ ಇಡೀ ವ್ಯವಸ್ಥೆ 50ಕ್ಕೆ ಬದಲಾಯಿತು.

ಜಲಪಾತದ ಒಂದು ಬದಿ ಮದ್ರಾಸಿನದಾಗಿತ್ತೇ?

ಹೌದು. ಶಿವನಸಮುದ್ರ ಒಂದು ದ್ವೀಪ. ಕಾವೇರಿ ಕವಲೊಡೆದು ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. ಭರಚುಕ್ಕಿಯ ಕಡೆಯ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. ಕೆಳಗಿನ ನೀರಾವರಿಯ ಹಕ್ಕಿನ ಬಗ್ಗೆ ಮದ್ರಾಸಿನವರು ಮೊದಲಿನಿಂದಲೂ ಎಚ್ಚರ. 1892ರ ಒಪ್ಪಂದವೂ ಇತ್ತು. ಬಳಸಿದ ನೀರು ಹಾಗೆಯೇ ನದಿಗೆ ಮರಳುತ್ತದೆ ಎನ್ನುವುದು ಮೈಸೂರಿನ ಪರವಾಗಿದ್ದ ಗಟ್ಟಿ ವಾದ.

ಕನ್ನಂಬಾಡಿ ಕಟ್ಟೆಗೂ ಇದಕ್ಕೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಿಗೆಗೆ ಸೊರಗುತ್ತಾಳೆ. ಗಣಿಗಳ ಬೇಡಿಕೆ ವರ್ಷ ವರ್ಷ ಏರುತ್ತಿತ್ತು, ಹೊಸ ಯಂತ್ರಗಳೂ ಸೇರುತ್ತಿದ್ದವು. ಏಪ್ರಿಲ್‌ನಲ್ಲಿ ತಿರುಗಿಸಲು ನೀರೇ ಸಾಲದು. ಮೇಲೆಲ್ಲೋ ನೀರು ಹಿಡಿದಿಟ್ಟು ವರ್ಷವಿಡೀ ಸಮನಾಗಿ ಬಿಡುವ ಜಲಾಶಯ ಬೇಕಾಯಿತು. ವಿಶ್ವೇಶ್ವರಯ್ಯನವರು ಕಾಲಿಡುವುದು ಇಲ್ಲಿ. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾದಾಗ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಶಿವನಸಮುದ್ರಕ್ಕೆ ನಿರಂತರ ನೀರು ಒದಗಿಸುವುದು ಮುಖ್ಯವಾದದ್ದು. ಮಂಡ್ಯದ ಗದ್ದೆಗಳ ಹಸಿರು ಅದರ ಜೊತೆಗೆ ಬಂತು.

ಮದ್ರಾಸ್ ತಕರಾರು ತೆಗೆಯಿತು. ಮೊದಲಿಗೆ 80 ಅಡಿ ಎತ್ತರಕ್ಕಷ್ಟೇ ಒಪ್ಪಿಗೆ. ವಿಶ್ವೇಶ್ವರಯ್ಯನವರು ಅಡಿಪಾಯವನ್ನು ಮಾತ್ರ 124 ಅಡಿಯ ಕಟ್ಟೆಗೆ ತಕ್ಕಂತೆ ಹಾಕಿಸಿದರು. ಜಗಳ 1913ರಲ್ಲಿ ನ್ಯಾಯಾಧೀಶ ಗ್ರಿಫಿನ್ ಅವರ ಪಂಚಾಯ್ತಿಗೆ ಹೋಗಿ, 1914ರಲ್ಲಿ ತೀರ್ಪು ಬಂದು, ಕೊನೆಗೆ 1924ರ ಒಪ್ಪಂದದಲ್ಲಿ ನಿಂತಿತು. ನಾವು ಇಂದಿಗೂ ಜಗಳವಾಡುತ್ತಿರುವ ಕಾವೇರಿ ವಿವಾದದ ಬೇರಿನಲ್ಲಿ ಕೋಲಾರದ ಚಿನ್ನದ ಪಾಲೂ ಇದೆ ಎಂದರೆ ಅತಿಶಯವಲ್ಲ.

ಬೆಂಗಳೂರಿಗೆ ಕರೆಂಟು ಬಂದದ್ದು ಯಾವಾಗ? ಏಷ್ಯಾದಲ್ಲೇ ಮೊದಲು ಬೀದಿದೀಪ ಉರಿದ ನಗರ ಬೆಂಗಳೂರಂತೆ?

1905ರ ಆಗಸ್ಟ್ 5. ಇಂದಿನ ಕೃಷ್ಣರಾಜ ಮಾರುಕಟ್ಟೆಯ ಸುತ್ತಮುತ್ತ ಮೊದಲ ವಿದ್ಯುತ್ ಬೀದಿದೀಪಗಳು ಹೊತ್ತಿಕೊಂಡವು. ಮೈಸೂರು ನಗರದ ಸರದಿ ಬಂದದ್ದು 1908ರಲ್ಲಿ.

ಏಷ್ಯಾದ ಮಾತು ಮತ್ತದೇ ರಾಗ. ಕಲ್ಕತ್ತೆಯಲ್ಲಿ 1899ರಿಂದಲೇ ವಿದ್ಯುತ್ ಪೂರೈಕೆಯಿತ್ತು. ಜಪಾನಿನ ನಗರಗಳಲ್ಲಿ ಅದಕ್ಕೂ ಮೊದಲೇ. ಬೆಂಗಳೂರಿನ ವಿಶೇಷವೆಂದರೆ, ಕಲ್ಲಿದ್ದಲು ಸುಡದೆ, ದೂರದ ಜಲಪಾತದ ವಿದ್ಯುತ್ತಿನಿಂದ ಬೆಳಗಿದ ಭಾರತದ ಮೊದಮೊದಲ ದೊಡ್ಡ ಊರುಗಳಲ್ಲಿ ಅದು ಸೇರುತ್ತದೆ. ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಕೆಜಿಎಫ್ ಬೆಳಗಿತ್ತು ಎನ್ನುವುದನ್ನು ಆ ಊರಿನವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಹೇಳಿಕೊಳ್ಳಲು ಅವರಿಗೆ ಉಳಿದಿರುವ ಹೆಮ್ಮೆಗಳಲ್ಲಿ ಅದೂ ಒಂದು.

ತಂತಿ ಹಾದುಹೋದ ಹಳ್ಳಿಗಳಿಗೂ ಆಗಲೇ ಕರೆಂಟು ಸಿಕ್ಕಿತೇ?

ಸಿಗಲಿಲ್ಲ. ತಲೆಯ ಮೇಲೆ 35,000 ವೋಲ್ಟ್ ಹರಿಯುತ್ತಿದ್ದರೂ ಮನೆಯೊಳಗೆ ಹರಳೆಣ್ಣೆ, ಸೀಮೆಎಣ್ಣೆಯ ದೀಪವೇ. ಆ ತಂತಿಯಿಂದ ಮನೆಗೆ ನೇರವಾಗಿ ಎಳೆದುಕೊಳ್ಳಲಾಗದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್, ಊರೊಳಗಿನ ಕಂಬಗಳು, ಅದಕ್ಕೆ ದುಡ್ಡು ಕೊಡುವ ಗಿರಾಕಿಗಳು ಎಲ್ಲವೂ ಬೇಕು. ಲೆಕ್ಕ ಸರಿಯೇ. ಕಂಬ ನೆಡಲು ನೆಲ ಕೊಟ್ಟ ಊರುಗಳು ದಶಕಗಟ್ಟಲೆ ಕಾದವು ಎನ್ನುವುದೂ ಅಷ್ಟೇ ಸರಿ.

ಗೋಕಾಕದಲ್ಲಿ 1887ರಲ್ಲೇ ಜಲವಿದ್ಯುತ್ ಇತ್ತಲ್ಲ?

ಗೋಕಾಕ ಜಲಪಾತದ ಬಲದಿಂದ ಅಲ್ಲಿನ ನೂಲಿನ ಗಿರಣಿ 1887ರಿಂದ ನಡೆದದ್ದು ಹೌದು. ಶಿವನಸಮುದ್ರಕ್ಕಿಂತ ಹದಿನೈದು ವರ್ಷ ಹಿರಿಯ ಸಾಹಸ. ಒಂದು ಗಿರಣಿ ತನ್ನ ಪಕ್ಕದ ನೀರನ್ನು ತನಗಾಗಿ ಬಳಸಿಕೊಂಡದ್ದಕ್ಕೂ, ಸರ್ಕಾರ ವಿದ್ಯುತ್ ಉತ್ಪಾದಿಸಿ 92 ಮೈಲಿ ಆಚೆಗೆ ಮಾರಿದ್ದಕ್ಕೂ ವ್ಯತ್ಯಾಸವಿದೆ. ಯಾರು ಮೊದಲು ಎಂಬ ಪಂದ್ಯ ಬೇಕಿಲ್ಲ.

ಕೇಂದ್ರ ಈಗಲೂ ನಡೆಯುತ್ತಿದೆಯೇ?

ನಡೆಯುತ್ತಿದೆ, ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿ. ಮೊದಲಿನ ಆರು ಯಂತ್ರಗಳ ಮೇಲೆ ಹಂತ ಹಂತವಾಗಿ ಬೆಳೆಯುತ್ತ ಸಾಮರ್ಥ್ಯ 42 ಮೆಗಾವಾಟ್ ತಲುಪಿತು: 3 ಮೆಗಾವಾಟ್‌ನ ಆರು, 6 ಮೆಗಾವಾಟ್‌ನ ನಾಲ್ಕು. ಇಂದು ರಾಜ್ಯದ ಒಟ್ಟು ಬೇಡಿಕೆಯ ಮುಂದೆ ಇದು ಚಿಲ್ಲರೆ. ಆದರೂ ಕಟ್ಟಿದ ಸಾಲ ಎಂದೋ ತೀರಿದ, ಇಂಧನಕ್ಕೆ ಬಿಡಿಗಾಸೂ ಬೇಡದ ಕೇಂದ್ರವನ್ನು ನಿಲ್ಲಿಸುವ ಮೂರ್ಖರು ಯಾರು?

ಶಿಂಷಾ ಕೇಂದ್ರವೂ ಇದೂ ಒಂದೇ ಏನು?

ಬೇರೆ ಬೇರೆ. ಹತ್ತಿರದಲ್ಲೇ ಇರುವುದರಿಂದ ಗೊಂದಲ. ಶಿಂಷಾ ಶುರುವಾದದ್ದು 1940ರಲ್ಲಿ, ಸಾಮರ್ಥ್ಯ 17.2 ಮೆಗಾವಾಟ್.

ಬೇಸಿಗೆಯಲ್ಲಿ ಜಲಪಾತ ಬರಿದಾಗಲು ಈ ಕೇಂದ್ರ ಕಾರಣವೇ?

ಒಂದು ಪಾಲು ಕಾರಣ. ನಾಲೆಗೆ ತಿರುಗಿದ ನೀರು ಜಲಪಾತಕ್ಕೆ ಇಲ್ಲ, ಅಷ್ಟು ಸರಳ. ಮೇಲಿನ ಜಲಾಶಯಗಳಿಂದ ಎಷ್ಟು ಬಿಡುತ್ತಾರೆ ಎನ್ನುವುದು ದೊಡ್ಡ ಕಾರಣ. ಜುಲೈನಿಂದ ಅಕ್ಟೋಬರ್‌ವರೆಗೆ, ಕಬಿನಿ ಮತ್ತು ಕೆಆರ್‌ಎಸ್ ತುಂಬಿ ಹೊರಗೆ ಬಿಟ್ಟಾಗ, ಕೇಂದ್ರಕ್ಕೂ ಸಾಕಾಗಿ ಗಗನಚುಕ್ಕಿಯೂ ಭೋರ್ಗರೆಯುತ್ತದೆ. ಮಾರ್ಚ್‌ನಲ್ಲಿ ಹೋಗಿ ಬಂಡೆ ನೋಡಿಕೊಂಡು ಬಂದು ಬೈಯುವವರು ತಿಂಗಳು ನೋಡಿ ಹೊರಡಲಿ.

ಒಳಗೆ ಹೋಗಿ ನೋಡಬಹುದೇ?

ನಿಗಮದ ಅನುಮತಿ ಬೇಕು. ಟಿಕೆಟ್ ತೆಗೆದುಕೊಂಡು ಸುತ್ತಾಡುವ ಜಾಗವಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಮೂಲಕ ಮುಂಚಿತವಾಗಿ ಪತ್ರ ಬರೆದು ಕೇಳಿಕೊಳ್ಳುವುದು ಸುಲಭದ ದಾರಿ. ಅನುಮತಿ ಸಿಗದಿದ್ದರೆ ಗಗನಚುಕ್ಕಿಯ ವೀಕ್ಷಣಾ ಕಟ್ಟೆ, ದ್ವೀಪದ ಮೇಲಿನ ಮಧ್ಯರಂಗನಾಥನ ಗುಡಿ, ಆಮೇಲೆ ಭರಚುಕ್ಕಿ. ಒಂದು ದಿನಕ್ಕೆ ಅಷ್ಟು ಸಾಕು. ವಾರದ ಮಧ್ಯೆ ಹೋದರೆ ವಾಹನ ನಿಲ್ಲಿಸಲು ಜಾಗವೂ ಸಿಗುತ್ತದೆ.